ಇಬ್ಬರು ಗಂಗಾರಾಮರು: ಏಳನೆಯ ಕಂತು

"ಕೈ ಚಾಚು," ಎಂದ ಠಾಣೆಯ ಮುಖ್ಯಸ್ಥ, ಅಮೀನ ಶಿವರಾಯ.

ಇಬ್ಬರೂ ಚಾಚಿದರು.

"ಒಬ್ಬೊಬ್ರೇ ಅಂದ್ರ ಒಬ್ಬೊಬ್ರೇ!" ಜಮಾದಾರ ಧರ್ಮಣ್ಣ ಗದರಿದ. ಬಲಗಡೆಯವನು ಕೈ ಹಿಂದಕ್ಕೆಳೆದುಕೊಂಡ. ಎಡಗಡೆಯವನೂ ಎಳೆದುಕೊಂಡ. ಧರ್ಮಣ್ಣ ತನ್ನ ಹಣೆ ತಾನೇ ಬಡಿದುಕೊಂಡ.

ತಾಂಡೂರಿನ ಕಲ್ಲುಗಣಿಯಲ್ಲಿ ಮೇಸ್ತ್ರಿ ಯಂಕಪ್ಪನ ತಲೆ ಒಡೆದು ಕೊಂದು ಪರಾರಿಯಾದ ಅಂಜಪ್ಪನನ್ನು ಹುಡುಕುತ್ತ ನ್ಯಾಲ್ಕಲ್ ಸೀಮೆಯ ಕುರಿಹಟ್ಟಿಗೆ ಹೋದ ಪೊಲೀಸರು, ಅಲ್ಲಿ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದ ಒಂದೇ ಮುಖದ ಇಬ್ಬರನ್ನು ಹಿಡಿದು ಜಹೀರಾಬಾದಿಗೆ ತಂದಿದ್ದರು. ಅಂದಿನಿಂದ ಇಬ್ಬರದೂ ಒಂದೇ ಮಾತು: "ನಾ ಗಂಗಾರಾಮ್ರಿ. ಹಟ್ಟಿ ನಂದು. ದ್ರೌಪದಿ ನನ್ನ ಹೆಂಡ್ತಿ."

ಶಿವರಾಯ ಮೊದಲು ಎಡಗಡೆಯವನ ಅಂಗೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಹೆಬ್ಬೆರಳಿನ ಬುಡದಲ್ಲಿ ಗಟ್ಟಿ ಜಡ್ಡು. ವರ್ಷಗಟ್ಟಲೆ ಕುರಿಗೋಲು ಹಿಡಿದ ಕೈ. ಕುರುಬನೇ ಸರಿ. ಮನಸ್ಸಿಗೆ ಒಂದಿಷ್ಟು ಹಗುರಾಯಿತು. ಆಮೇಲೆ ಧೋತರ ಸರಿಸಿ ಮೊಣಕಾಲಿನ ಕೆಳಗೆ ನೋಡಿದ. ಅಲ್ಲಿ ಸಾಸಿವೆ ಚೆಲ್ಲಿದಂತೆ ಬಿಳಿ ಕಲೆಗಳು. ಉಳಿಯೇಟಿಗೆ ಸಿಡಿದ ಕಲ್ಲಿನ ಚೂರು ಹೊಕ್ಕು ಮಾಗಿದ ಕಲೆಗಳು. ಕಲ್ಲು ಒಡೆಯುವವನಿಗಲ್ಲದೆ ಬೇರೆ ಯಾರಿಗೂ ಅವು ಆಗುವುದಿಲ್ಲ.

ಬಲಗಡೆಯವನನ್ನು ನೋಡಿದ. ಅದೇ ಜಡ್ಡು. ಅವೇ ಕಲೆಗಳು.

ಇಬ್ಬರ ಮೈಯಲ್ಲೂ ಇಬ್ಬರ ಕಸುಬು ಇತ್ತು.

"ನೀ ಕಲ್ಲು ಯಾವಾಗ ಒಡದಿ?"

"ಚಿಗವ್ವನ ಊರು ತಾಂಡೂರು ಅಲ್ರಿ. ಹೋದಾಗ ಬಂದಾಗ ಕೈ ಹಚ್ಚೀನಿ," ಎಂದ ಎಡಗಡೆಯವನು.

"ಹೋದಾಗ ಬಂದಾಗ," ಎಂದ ಬಲಗಡೆಯವನು, ತಲೆ ತಗ್ಗಿಸಿ.

ಶಿವರಾಯನಿಗೆ ಆ ಕೋಣೆಯಲ್ಲಿ ಕೂತಿರಲು ಆಗಲಿಲ್ಲ. ಎದ್ದು ಹೊರಗೆ ಬಂದ. ಹೊರಗೆ ವೈಶಾಖದ ಗಾಳಿ ಕೆಂಪು ಮಣ್ಣನ್ನು ಎತ್ತಿ ಠಾಣೆಯ ಅಂಗಳಕ್ಕೆ ಎರಚುತ್ತಿತ್ತು. ಬೇವಿನ ಮರದ ಕೆಳಗೆ ದ್ರೌಪದಿ ಕೂತಿದ್ದಳು. ತುಂಬಿದ ಬಸುರಿ. ಮೊಣಕಾಲ ಮೇಲೆ ರೊಟ್ಟಿಯ ಗಂಟು. ದಿನಾ ಬರುತ್ತಿದ್ದಳು, ರೊಟ್ಟಿ ಒಳಗೆ ಕೊಟ್ಟು ಹೋಗುತ್ತಿದ್ದಳು. ಏನು ಕೇಳಿದರೂ ಸೆರಗು ಮುಖಕ್ಕೆ ಎಳೆದುಕೊಂಡು ಸುಮ್ಮನಾಗುತ್ತಿದ್ದಳು.

ಧರ್ಮಣ್ಣ ಹಿಂದೆಯೇ ಬಂದ. "ಜಿಲ್ಲಾ ಪೊಲೀಸ್ ಮೋಹತಮೀಮ್ ಸಾಹೇಬ್ರದು ಮತ್ತ ಹುಕುಂ ಬಂದದ್ರಿ. ನಾಳಿ ಸಂಜಿ ರೈಲಿಗಿ ಅಂಜಪ್ಪನ್ನ ತಾಂಡೂರಿಗಿ ಕಳಿಸಲಿಕ್ಕೇ ಬೇಕಂತ."

"ಯಾವ ಅಂಜಪ್ಪನ್ನ?"

ಧರ್ಮಣ್ಣ ಸುತ್ತ ನೋಡಿ ದನಿ ತಗ್ಗಿಸಿದ. "ಒಂದು ಮಾತು ಹೇಳ್ಲೇನ್ರಿ? ಮಾರಿ ಒಂದೇ. ದನಿ ಒಂದೇ. ನೆನಪು ಸುದ್ದಾ ಒಂದೇ. ಇಬ್ರೂ ಅಷ್ಟು ಒಂದೇ ಆದ ಮ್ಯಾಲ ಯಾರನ್ನ ಕಳಿಸಿದ್ರೇನ್ರಿ? ಸರ್ಕಾರಕ್ಕ ಒಬ್ಬ ಸಿಕ್ಕಂಗಾತು, ಆಕಿಗಿ ಒಬ್ಬ ಉಳದಂಗಾತು."

ಶಿವರಾಯ ಅವನನ್ನೇ ದಿಟ್ಟಿಸಿದ. "ಒಳಗ ಹೋಗಿ ಒಬ್ಬನಿಗಿ ಒಂದು ಏಟು ಹಾಕು. ಇನ್ನೊಬ್ಬನಿಗಿ ನೋಯ್ತದೇನು ನೋಡು."

"ನೋಯಂಗಿಲ್ಲ ಬಿಡ್ರಿ."

"ಹಂಗಾದ್ರ ಇಬ್ರು ಅವ್ರು. ಕುದ್ರಿ ತರಸು."

"ಎಲ್ಲಿಗ್ರಿ?"

"ನಾರಾಯಣಖೇಡಕ್ಕ. ಮಗನ್ನ ಪೊಲೀಸ್ರು ಒಯ್ದ ದಿನಾನೇ ಗಂಗಾರಾಮನ ತಾಯಿ ಮಾಳಮ್ಮ ಹಟ್ಟಿ ಬಿಟ್ಟು ಮಗಳ ಮನಿಗಿ ಹೋಗ್ಯಾಳ. ಯಾವ ತಾಯಿ ಹಂಗ ಮಾಡ್ತಾಳ ಧರ್ಮಣ್ಣ? ಠಾಣಿ ಮುಂದ ಕೂತು ಎದಿ ಬಡಕೊಳ್ಳೋದು ಬಿಟ್ಟು?"

ಹೊರಡುವ ಮುಂಚೆ ಮತ್ತೊಮ್ಮೆ ಒಳಗೆ ಹೋಗಿ ಇಬ್ಬರ ಮುಖವನ್ನೂ ಹತ್ತಿರದಿಂದ ನೋಡಿದ. ಇಬ್ಬರಿಗೂ ಬಲ ಹುಬ್ಬಿನ ಮೇಲೆ ಗಾಯದ ಗುರುತು. ಮೊದಲ ದಿನವೇ ಅದನ್ನು ಕಂಡು ಬೆಚ್ಚಿದ್ದ. ಈಗ ಗಾಬರಿ ಇಳಿದ ಕಣ್ಣಿನಿಂದ ನೋಡಿದಾಗ ಅಷ್ಟು ದಿನ ಕಾಣದ್ದು ಕಂಡಿತು. ಎಡಗಡೆಯವನ ಗಾಯ ಹರಿದಿತ್ತು, ಅಂಚು ಅಂಕುಡೊಂಕು. ಬಲಗಡೆಯವನದು ನೇರ, ಗೆರೆ ಎಳೆದಂತೆ.

ಹರಕು ಗಾಯದವ. ನೇರ ಗಾಯದವ. ಕೊನೆಗೂ ಇಬ್ಬರಿಗೆ ಎರಡು ಹೆಸರು ಸಿಕ್ಕವು. ಆದರೆ ಯಂಕಪ್ಪನನ್ನು ಕೊಂದವನು ಯಾರೆಂದು ಆ ಹೆಸರುಗಳು ಹೇಳುತ್ತಿರಲಿಲ್ಲ.

ದಾರಿಯುದ್ದಕ್ಕೂ ಹೋದ ವಾರ ತಾಂಡೂರಿನಲ್ಲಿ ಕೇಳಿದ ಮಾತುಗಳನ್ನೇ ತಿರುತಿರುಗಿ ನೆನೆದ. ಗಣಿಯ ಕೂಲಿಗಳು ಅಂಜಪ್ಪನ ಬಗ್ಗೆ ಒಂದು ವಿಚಿತ್ರ ಹೇಳಿದ್ದರು. ಒಮ್ಮೊಮ್ಮೆ ಅವನು ಕೆಲಸವನ್ನೇ ಮರೆತವನ ಹಾಗೆ ಆಡುತ್ತಿದ್ದನಂತೆ. ನಿನ್ನೆ ಹಿಡಿದ ಉಳಿ ಇವತ್ತು ಹೊಸದಾಗಿ ಹಿಡಿದಂತೆ. ನಾಲ್ಕು ದಿನ ಕಳೆದರೆ ಮತ್ತೆ ಕೈ ಕುದುರುತ್ತಿತ್ತಂತೆ. ಯಂಕಪ್ಪ ಸಾಯುವ ಮುಂಚೆ ಸೇಂದಿ ಅಂಗಡಿಯಲ್ಲಿ ಕೂತು ನಗುತ್ತ ಹೇಳಿದ್ದನಂತೆ, "ನಮ್ಮ ಅಂಜಪ್ಪ ಒಬ್ಬಾವ ಅಲ್ಲ." ಕುಡುಕನ ಮಾತೆಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ರಾಯಿಕೋಡಿನ ಚೌಕಿಯಲ್ಲಿ ಕುದುರೆ ಬದಲಿಸಿದ. ಪಟೇಲರು ಊಟಕ್ಕೆ ಕೂರಿಸಿದರೂ ಬರೀ ಮಜ್ಜಿಗೆ ಕುಡಿದು ಎದ್ದ.

ನಾರಾಯಣಖೇಡದಲ್ಲಿ ಮಗಳು ಸುಭದ್ರಮ್ಮನ ಮನೆಯ ಪಡಸಾಲೆಯಲ್ಲಿ ಮಾಳಮ್ಮ ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಪೊಲೀಸಿನ ಕುದುರೆ ಬಾಗಿಲಿಗೆ ನಿಂತರೂ ಎದ್ದೇಳಲಿಲ್ಲ. ಕದಿರು ತಿರುಗುತ್ತಲೇ ಇತ್ತು.

"ನೀವು ಬರ್ತೀರಂತ ಗೊತ್ತಿತ್ರಿ," ಎಂದಳು.

ಶಿವರಾಯ ಎದುರಿಗೆ ಕೂತ. "ನಿನಗ ಮಕ್ಕಳು ಎಷ್ಟು, ಮಾಳಮ್ಮ?"

"ಇಕಿ ಒಬ್ಬಾಕಿ. ಗಂಗಾರಾಮ ಒಬ್ಬ."

"ಅಂಜಪ್ಪ?"

"ಅಂವ ನನ್ನ ತಂಗಿ ಸಕ್ಕುಬಾಯಿ ಮಗ. ತಾಂಡೂರದಾಗ ಹುಟ್ಟಿ ಬೆಳದಾಂವ. ತಂಗಿ ತೀರಿಕೊಂಡು ಬಾಳ ದಿನಾತು."

"ಅಕ್ಕತಂಗೇರ ಮಕ್ಕಳು ಇಷ್ಟು ಒಂದೇ ಥರ ಇರ್ತಾರ?"

"ದೇವರು ಕೊಟ್ಟ ಮಾರಿ. ನಮ್ಮ ಕೈಯಾಗ ಏನದ?"

"ಗಂಗಾರಾಮನ ಹುಬ್ಬಿಗಿ ಗಾಯ ಹ್ಯಾಂಗಾತು?"

"ಸಣ್ಣಾವಿದ್ದಾಗ ಟಗರು ಹಾದಿತ್ತು."

"ಅಂಜಪ್ಪಂದು?"

ಕದಿರು ನಿಂತಿತು.

"ಟಗರು ಹಾದ್ರ ಚರ್ಮ ಹರೀತದ. ಒಬ್ಬಂದು ಹಂಗೇ ಹರದದ. ಇನ್ನೊಬ್ಬಂದು ಗೆರಿ ಎಳದಂಗ ಅದ. ಅದು ಕೊಂಬಿನ ಗಾಯ ಅಲ್ಲ. ಉಣ್ಣಿ ಕತ್ತರಿಸೋ ಕತ್ತರಿದು," ಎಂದ ಶಿವರಾಯ. "ಯಾರು ಕೊಯ್ದಾರ?"

ಸುಭದ್ರಮ್ಮ ಒಳಗಿನಿಂದ ಬಾಗಿಲಿಗೆ ಬಂದು ನಿಂತಳು. ತಾಯಿ ಅವಳತ್ತ ನೋಡದೆ, "ನೀ ಒಳಗ ಹೋಗು," ಎಂದಳು. ಅವಳು ಹೋಗಲಿಲ್ಲ.

"ನಾ ಕೊಯ್ದೀನಿ," ಎಂದಳು ಮಾಳಮ್ಮ. "ಸಕ್ಕು ಕೈಕಾಲು ಹಿಡಕೊಂಡಿದ್ಲು. ನಾ ಕೊಯ್ದೀನಿ. ಕೂಸು ಒದರ್ತಿತ್ತು. ಬಾಯಾಗ ಬೆಲ್ಲ ಇಟ್ಟಿನಿ, ಉಗುಳ್ತು."

ಶಿವರಾಯ ಉತ್ತರ ಊಹಿಸಿಯೇ ಬಂದಿದ್ದ. ಆದರೂ ಹೆತ್ತವಳ ಬಾಯಿಂದ ಕೇಳುವುದು ಬೇರೆ.

ಆಮೇಲೆ ಅವಳು ತಡೆಯಲಿಲ್ಲ. ಕಟ್ಟೆ ಒಡೆದಂತೆ ಹೇಳುತ್ತ ಹೋದಳು. ಪ್ರತಿ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ಅವಳ ಗಂಡ ಕಾಶಪ್ಪ ಮಂದೆ ಹೊಡೆದುಕೊಂಡು ತಾಂಡೂರಿನ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬಲು ಹೋಗುತ್ತಿದ್ದ. ಹಾಗೆ ಹೋದ ಒಂದು ವರ್ಷ ಮಾಳಮ್ಮ ತಂಗಿಯ ಮನೆಯಲ್ಲಿ ಹಡೆದಳು. ಗಂಡಸರು ಮಂದೆಯ ಜೊತೆ ದೂರ ಇದ್ದರು. ಹುಟ್ಟಿದ್ದು ಎರಡು. ಸಕ್ಕುಬಾಯಿಗೆ ಮಕ್ಕಳಿರಲಿಲ್ಲ, ಗಂಡ ಬೇರೆ ಮದುವೆಯ ಮಾತಾಡುತ್ತಿದ್ದ. ಅವಳು ಅಕ್ಕನ ಕಾಲು ಹಿಡಿದಳು. ಮಾಳಮ್ಮ ಒಂದನ್ನು ಅವಳ ಮಡಿಲಿಗೆ ಹಾಕಿದಳು. ತಂಗಿಯೂ ಅದೇ ವಾರ ಹಡೆದಳೆಂದು ಊರಿಗೆ ಸುದ್ದಿಯಾಯಿತು.

"ಕೊಟ್ಟು ಮನಿಗಿ ಬಂದೀನ್ರಿ. ನಿದ್ದಿ ಬರಲಿಲ್ಲ. ಇದಕ್ಕ ಮೊಲಿ ಕೊಟ್ರ ಅದರ ನೆನಪು. ಮುಂದಿನ ವರ್ಷ ಕುರಿ ಸಂಗಟ ಮತ್ತ ತಾಂಡೂರಿಗಿ ಹೋದಾಗ ತಂಗಿಗಿ ಹೇಳ್ದೆ, ಇದನ್ನ ಇಟ್ಕೋ, ಅದನ್ನ ನನಗ ಕೊಡು. ಒಂದು ವರ್ಷ ಕೊಡು ಅಂತ. ಹಂಗ ಸುರು ಆತು. ಪ್ರತಿ ವರ್ಷ ಬದಲಿ. ಇಲ್ಲಿದ್ದಾವ ಅಲ್ಲಿ, ಅಲ್ಲಿದ್ದಾವ ಇಲ್ಲಿ."

"ಕಾಶಪ್ಪನಿಗಿ ಗೊತ್ತಾಗಲಿಲ್ಲೇನು?"

"ಅಂವ ಕುರಿ ಮಾರಿ ನೋಡಿ ಹೆಸರು ಹೇಳ್ತಿದ್ದ. ಮಕ್ಕಳ ಮಾರಿ ಯಾವಾಗ ನೋಡ್ಯಾನ?"

"ಮಕ್ಕಳಿಗಿ?"

"ಬುದ್ಧಿ ಬಂದ ಮ್ಯಾಲ ಗೊತ್ತಾತು. ನಮಗಿಂತ ಚಂದ ಮಾಡ್ತಿದ್ರು. ಬದಲಿ ಆಗೋ ಮುಂಚೆ ಗುಡ್ಡದ ಹಿಂದ ಕೂತು ಇಡೀ ವರ್ಷದ್ದೆಲ್ಲ ಹೇಳಿಕೊಳ್ತಿದ್ರು. ಯಾವ ಕುರಿ ಸತ್ತದ, ಯಾರು ಬೈದಾರ, ಯಾರ ಮನ್ಯಾಗ ಏನು ಉಂಡಾರ. ಒಬ್ಬಂದು ಇನ್ನೊಬ್ಬನಿಗಿ ಗೊತ್ತಿರಲಾರದ್ದು ಒಂದೂ ಇಲ್ಲ."

ಅದಕ್ಕೇ ಎಷ್ಟು ಕೇಳಿದರೂ ಇಬ್ಬರೂ ಒಂದೇ ಉತ್ತರ ಕೊಟ್ಟಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅದು ಅರ್ಥವಾದಾಗ ಶಿವರಾಯನಿಗೆ ಸಮಾಧಾನಕ್ಕಿಂತ ಹೆದರಿಕೆಯೇ ಹೆಚ್ಚಾಯಿತು.

"ಹುಟ್ಟಿದಾಗ ಯಾರಿಗಿ ಗಂಗಾರಾಮ ಅಂತ ಹೆಸರಿಟ್ಟಿ? ಹರಕು ಗಾಯದವನಿಗೋ, ನೇರ ಗಾಯದವನಿಗೋ?"

"ನನ್ನ ಮನ್ಯಾಗಿದ್ದಾವ ಗಂಗಾರಾಮ. ಆಕಿ ಮನ್ಯಾಗಿದ್ದಾವ ಅಂಜಪ್ಪ."

"ಅದಲ್ಲ ನಾ ಕೇಳಿದ್ದು."

"ನನ್ನತ್ರ ಅದೊಂದೇ ಉತ್ತರ ಅದ್ರಿ. ಟಗರು ಹಾದ ವರ್ಷ ಅಂವ ಗಂಗಾರಾಮ ಇದ್ದ. ಮುಂದಿನ ವರ್ಷ ಅಂಜಪ್ಪ ಆದ."

"ಮದುವಿ?"

ಮಾಳಮ್ಮ ಮೊದಲ ಸಲ ಮುಖ ಮುಚ್ಚಿಕೊಂಡಳು. "ದ್ರೌಪದಿನ್ನ ತರೋ ಮುಂಚೆ ಇಬ್ಬರ ಕೈಲೂ ದೇವರ ಭಂಡಾರ ಮುಟ್ಟಿಸಿ ಆಣಿ ಮಾಡಿಸೀನಿ. ತಾಳಿ ಕಟ್ಟಿದಾವ ಹಟ್ಟಿ ಬಿಡಬಾರದು, ಇನ್ನೊಬ್ಬ ತಾಂಡೂರು ಬಿಡಬಾರದು. ಇನ್ನ ಮ್ಯಾಲ ಬದಲಿ ಇಲ್ಲ ಅಂತ."

"ನಡಕೊಂಡ್ರಾ?"

"ನನಗ ಗೊತ್ತಿಲ್ಲ. ನಾ ಹೆತ್ತಾಕಿ. ಎದುರಿಗಿ ಬಂದು ಅವ್ವಾ ಅಂದ್ರ ಇಂವ ಯಾರು ಅಂತ ನನಗ ತಿಳಿಯಂಗಿಲ್ಲ. ಅದಕ್ಕೇ ಓಡಿ ಬಂದೀನಿ. ಠಾಣಿಗಿ ಬಂದ್ರ ನೀವು ತೋರ್ಸು ಅಂತೀರಿ. ಏನಂತ ತೋರಸ್ಲಿ?"

ಗಾಳಿಗೆ ಉಣ್ಣೆಯ ಎಳೆಗಳು ಅಂಗಳದ ತುಂಬ ಹಾರಾಡುತ್ತಿದ್ದವು. ಶಿವರಾಯ ಎದ್ದ. ಬಾಗಿಲ ತನಕ ಹೋದವನನ್ನು ಅವಳೇ ಕರೆದಳು.

"ಸಾಹೇಬ್ರ, ಒಬ್ಬನ್ನ ಫಾಸಿಗಿ ಹಾಕ್ತಾರಂತ ಹೌದ?"

"ಫಾಸಿ, ಇಲ್ಲಾ ಜನ್ಮಠೇಪು, ಸಾಯೋತನಾ ಜೇಲು. ನನ್ನ ಕೈಯಾಗಿಲ್ಲ."

"ಎಲ್ಲಾರೂ ಬಂದು ಹೇಳ್ತಾರ, ಇನ್ನೊಬ್ಬ ಉಳೀತಾನಲ್ಲ ಮಾಳಮ್ಮ ಅಂತ. ಅದೇ ಮಾರಿ, ಅದೇ ದನಿ. ಅದೇ ಮಾರಿ ದಿನಾ ಎದುರಿಗಿ ಬಂದು ಕೂತ್ರ ನಾ ಹೋದಾವನ್ನ ಹ್ಯಾಂಗ ಮರೀಲಿ? ಬ್ಯಾರೆ ತಾಯಂದಿರಿಗಿ ಮರಿಯಾಕ ಬರ್ತದ. ನನಗ ಅದೂ ಇಲ್ಲ."

ಶಿವರಾಯ ಕುದುರೆ ಹತ್ತಿದ.

ಮರುದಿನ ಬಿಸಿಲು ಇಳಿಯುವ ಹೊತ್ತಿಗೆ ಜಹೀರಾಬಾದ್ ಸೇರಿದಾಗ ಮೈಯೆಲ್ಲ ಧೂಳು. ಕುದುರೆಯ ಬಾಯಲ್ಲಿ ನೊರೆ. ಠಾಣೆಯ ಅಂಗಳದಲ್ಲಿ ದ್ರೌಪದಿ ಅದೇ ಬೇವಿನ ಕೆಳಗೆ ಇದ್ದಳು. ಧರ್ಮಣ್ಣ ಬೇಡಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದ.

ಶಿವರಾಯ ಒಳಗೆ ಹೋಗಲಿಲ್ಲ. ನೇರ ಬೇವಿನ ಬುಡಕ್ಕೆ ಹೋಗಿ ನಿಂತ.

"ನಿಮ್ಮ ಅತ್ತಿ ಎಲ್ಲಾ ಹೇಳ್ಯಾಳವ್ವ," ಎಂದ.

ದ್ರೌಪದಿ ಸೆರಗು ಎಳೆದುಕೊಳ್ಳಲಿಲ್ಲ. ಮುಖ ಎತ್ತಿ ನೋಡಿದಳು. ದಿನಗಟ್ಟಲೆ ಅತ್ತು ಬತ್ತಿದ ಕಣ್ಣು. "ಅತ್ತಿಗಿ ಅರ್ಧಾ ಗೊತ್ತದ್ರಿ."

"ಇಬ್ರು ಅನ್ನೋದು ನಿನಗ ಯಾವಾಗ ಗೊತ್ತಾತು?"

"ಮದುವಿ ಆದ ವರ್ಷಾನೇ." ಅವಳು ನೆಲ ನೋಡುತ್ತ ಹೇಳಿದಳು. "ಒಂದಿನ ಕುರಿ ಸಂತಿಗಿ ಅಂತ ಹೋದ. ಬಂದಾವ ಬ್ಯಾರೆ. ಮೈ ಅದೇ, ಮಾತು ಅದೇ. ನಾ ಮಾತಾಡಿದ್ರ ಮೊದಲಿನಾವ ಯಾವಾಗ ಮುಗಿಸ್ತಾಳಂತ ಕಾಯ್ತಿದ್ದ. ಬಂದಾವ ಕೇಳ್ತಿದ್ದ. ಅಷ್ಟೇ ಫರಕ್ರಿ."

"ಯಾರಿಗೂ ಹೇಳಲಿಲ್ಲ?"

"ಏನಂತ ಹೇಳ್ಲಿ? ನನ್ನ ಗಂಡ ನನ್ನ ಮಾತು ಕೇಳಾಕ ಹತ್ಯಾನ, ಇಂವ ನನ್ನ ಗಂಡ ಅಲ್ಲ ಅಂತ ಹೇಳ್ಲೇನು?"

ಶಿವರಾಯ ತಡೆದು ಕೇಳಿದ. "ಯಂಕಪ್ಪನ್ನ ನೀ ನೋಡಿದ್ಯಾ?"

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಹಟ್ಟಿಗಿ ಬಂದಿದ್ದ. ಇವ್ರ ಗುಟ್ಟು ಹ್ಯಾಂಗೋ ಹಿಡಿದಿದ್ದ. ನಾ ಒಬ್ಬಾಕೇ ಇದ್ದೆ. ಇಬ್ರಿಗಿ ಹೆಂಡ್ತಿ ಆದಾಕಿಗಿ ಮೂರನೇಯಾವ ಬ್ಯಾಡೇನು ಅಂದ. ಕೈ ಹಿಡದ. ಕೊಡ್ಲಿ ತಗೊಂಡೆ, ಓಡಿ ಹೋದ. ಸಂಜಿಗಿ ಹೇಳೀನಿ."

"ಯಾರಿಗಿ?"

ಅವಳು ಎದ್ದು ನಿಂತಳು. ರೊಟ್ಟಿಯ ಗಂಟನ್ನು ಮರದ ಬುಡದಲ್ಲೇ ಬಿಟ್ಟಳು. "ಇಬ್ಬರನ್ನೂ ಎದುರಿಗಿ ತರ್ರಿ. ಬಾಯಿಂದ ಹೇಳಂಗಿಲ್ಲ. ತೋರಿಸ್ತೀನಿ."

ಧರ್ಮಣ್ಣ ಇಬ್ಬರನ್ನೂ ಅಂಗಳಕ್ಕೆ ತಂದು ಪಕ್ಕಪಕ್ಕ ನಿಲ್ಲಿಸಿದ. ಹರಕು ಗಾಯದವ ಎಡಕ್ಕೆ, ನೇರ ಗಾಯದವ ಬಲಕ್ಕೆ. ಇಳಿಬಿಸಿಲು ಇಬ್ಬರ ಕಣ್ಣಿಗೂ ಚುಚ್ಚುತ್ತಿತ್ತು. ಇಬ್ಬರೂ ಒಂದೇ ರೀತಿ ಕಣ್ಣು ಕಿರಿದು ಮಾಡಿದರು.

ದ್ರೌಪದಿ ಇಬ್ಬರ ಮುಂದೆಯೂ ಹೋಗಿ ನಿಂತಳು. ಅಳೆದು ನೋಡಲಿಲ್ಲ. ಗಾಯದ ಕಡೆ ಕಣ್ಣೇ ಹಾಯಿಸಲಿಲ್ಲ. ಬಾವಿಯಿಂದ ನೀರು ತಂದು ತನ್ನ ಮನೆಯ ಬಾಗಿಲಿಗೆ ಹೋಗುವವಳ ಹಾಗೆ, ಸ್ವಲ್ಪವೂ ತಡವರಿಸದೆ, ಕೈ ಎತ್ತಿ ಹರಕು ಗಾಯದವನನ್ನು ತೋರಿಸಿದಳು.

"ಇಂವ."

ಅವನು ಅವಳನ್ನು ನೋಡಿದ. ಆಮೇಲೆ ತಲೆಯಾಡಿಸಿ ಶಿವರಾಯನ ಕಡೆ ತಿರುಗಿದ.

"ಹೌದ್ರಿ. ನಾ ಅಂಜಪ್ಪ. ಯಂಕಪ್ಪನ್ನ ಕೊಂದಾವ ನಾನೇ. ಸುತ್ತಿಗಿಲಿ ಹೊಡದೀನಿ."

"ಇಷ್ಟು ದಿನ ಯಾಕ ಬಾಯಿ ಬಿಡಲಿಲ್ಲ?"

"ಆಕಿ ಬಾಯಿ ಬಿಡ್ಲಿ ಅಂತ ಇದ್ದೆ."

ಶಿವರಾಯ ಉಸಿರು ಬಿಟ್ಟ. ಹಟ್ಟಿಯಲ್ಲಿ ಒಂದು ತಾಟು, ಎರಡು ಮುಖ ಕಂಡ ದಿನದಿಂದ ಎದೆಯೊಳಗೆ ಓಡಾಡುತ್ತಿದ್ದ ಇಲಿ ಮೊದಲ ಸಲ ನಿಂತಂತಾಯಿತು. ಧರ್ಮಣ್ಣನಿಗೆ ಸನ್ನೆ ಮಾಡಿದ. ಹರಕು ಗಾಯದವನ ಕೈಗೆ ಬೇಡಿ ಬಿತ್ತು.

ಆಗ ನೇರ ಗಾಯದವ ಬಾಯಿ ತೆರೆದ.

"ದ್ರೌಪದಿ, ಬ್ಯಾಡ."

ಅವಳು ತಿರುಗಲಿಲ್ಲ.

"ಬ್ಯಾಡ ಅಂತೀನಿ! ಸಾಹೇಬ್ರ, ಅಂವ ಆ ದಿನ ತಾಂಡೂರದಾಗ ಖೋಲಿಯಾಗ ಜ್ವರ ಬಂದು ಮಲಗಿದ್ದ. ಆಕಿ ಹೇಳಿದ್ದು ನನಗ. ಹಟ್ಟಿಲಿಂದ ಹೋದಾವ ನಾ. ಹೊಡದಾವ ನಾ. ಆಕಿಗಿ ಎಲ್ಲಾ ಗೊತ್ತದ!"

"ಸುಮ್ನಿರೋ," ಎಂದ ಬೇಡಿ ತೊಟ್ಟವನು, ತಮ್ಮನಿಗೆ ಹೇಳಿದ ಹಾಗೆ, ಬಹಳ ಮೆಲ್ಲಗೆ.

ಶಿವರಾಯ ದ್ರೌಪದಿಯ ಎದುರಿಗೆ ಹೋಗಿ ನಿಂತ. "ನಾ ಕೇಳಿದ್ದು ನೀ ಯಾರಿಗಿ ಹೇಳ್ದಿ ಅಂತ."

"ನೀವು ಒಬ್ಬನ್ನ ಒಯ್ತೀವಿ ಅಂದ್ರಿ. ಯಾರನ್ನ ಒಯ್ದ್ರೂ ನಿಮಗ ಒಬ್ಬ ಅಂಜಪ್ಪ ಸಿಗ್ತಾನ," ಎಂದಳು. "ನನಗ ಹಂಗಲ್ರಿ. ನನ್ನ ಮಾತು ಕೇಳಾವ ಒಬ್ಬನೇ. ಈ ಕೂಸಿನ ತಂದಿ ಒಬ್ಬನೇ."

"ಹಂಗಾದ್ರ ಇಂವ ಯಾರು?" ಶಿವರಾಯ ಬೇಡಿ ತೊಟ್ಟವನ ಕಡೆ ಕೈ ಮಾಡಿದ.

ದ್ರೌಪದಿ ಕೊರಳಿಗೆ ಕೈ ಹಾಕಿ, ರವಿಕೆಯೊಳಗಿದ್ದ ತಾಳಿಯನ್ನು ಹೊರಗೆಳೆದು ಮುಷ್ಟಿಯಲ್ಲಿ ಹಿಡಿದಳು.

"ಇದನ್ನ ಕಟ್ಟಿದಾವ."

ಧರ್ಮಣ್ಣನ ಕೈಯಲ್ಲಿದ್ದ ಬೇಡಿಯ ಕೀಲಿ ತೂಗಾಡುತ್ತಿತ್ತು. ಕೊಂದೆ ಎನ್ನುವವರು ಇಬ್ಬರು. ಇಬ್ಬರಿಗೂ ಯಂಕಪ್ಪ ಬಿದ್ದ ಜಾಗ, ಹೊಡೆದ ಸುತ್ತಿಗೆ, ಎಲ್ಲವೂ ಗೊತ್ತಿರುತ್ತದೆ. ಗುಡ್ಡದ ಹಿಂದೆ ಕೂತು ಅದನ್ನೂ ಹಂಚಿಕೊಂಡಿರುತ್ತಾರೆ. ಸಾಕ್ಷಿ ಹೇಳಬಲ್ಲವಳು ಒಬ್ಬಳೇ. ಅವಳು ಗುರುತು ಹಿಡಿಯಲಿಲ್ಲ, ಆರಿಸಿಕೊಂಡಳು.

ದೂರದಲ್ಲಿ ಬೀದರ್ ಕಡೆಯಿಂದ ರೈಲು ಕೂಗಿತು.

ಬೇಡಿ ತೊಟ್ಟವನು ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ಒಂದು ಹೆಜ್ಜೆ ಇಟ್ಟ.

"ಹೊತ್ತಾತು ಸಾಹೇಬ್ರ," ಎಂದ. "ನಡೀರಿ."